ಒಂದು ಬುಟ್ಟಿಗೆ ಎಷ್ಟು ಗಂಟೆ?

ಬುಟ್ಟಿ ಹೆಣೆಯುವ ಚಿಕ್ಕಮ್ಮನದು ಒಂದೇ ಕೋಣೆ, ಒಂದೇ ಕುರ್ಚಿ. ಆ ಕುರ್ಚಿಯ ಮೇಲೂ ನೆನೆಸಿದ ಹುಲ್ಲಿನ ಕಟ್ಟು. ಗಂಡ ತೀರಿಹೋಗಿ ಮೂರು ವರ್ಷವಾಯಿತು. ಹದಿನೈದು ದಿನಕ್ಕೊಮ್ಮೆ ವ್ಯಾಪಾರಿ ಬಂದು, ಬಾಗಿಲಲ್ಲೇ ನಿಂತು, ತಾನೇ ಹೇಳಿದ ದರಕ್ಕೆ ಬುಟ್ಟಿಗಳನ್ನು ಒಯ್ಯುತ್ತಾನೆ. ಅವು ಯಾರ ಮನೆ ಸೇರುತ್ತವೋ ಅವಳಿಗೆ ಗೊತ್ತಿಲ್ಲ.

ಒಂದು ದಿನ ಬೆಳಿಗ್ಗೆ ಎಂಟಕ್ಕೆ ಪಕ್ಕದ ಬೀದಿಯ ಟೈಲರಕ್ಕ ಚೀಟಿ ಹಿಡಿದು ಬಂದಳು. ಹೆಂಗಸರೇ ನಡೆಸುವ ಕೈಕೆಲಸದ ಅಂಗಡಿಯಲ್ಲಿ ಅವಳೂ ಒಬ್ಬಳು.

"ಬುಟ್ಟಿ ನಮ್ಮ ಅಂಗಡಿಗೆ ಕೊಡಿ ಚಿಕ್ಕಮ್ಮ. ಸಾಮಾನಿನ ಖರ್ಚು, ಕೆಲಸದ ಗಂಟೆ, ಎರಡೂ ನೋಡಿ ದರ ಕಟ್ತೀವಿ. ಒಂದು ಬುಟ್ಟಿಗೆ ಎಷ್ಟು ಗಂಟೆ?"

"ಎರಡು ಅಂತ ಬರ್ಕೊ."

"ಮುಚ್ಚಳದ ಬುಟ್ಟಿ ಎರಡು ಗಂಟೇಲಾ? ನಿಮಗೇನು ಎಂಟು ಕೈನಾ?"

"ಹೇಗೂ ಒಬ್ಬಳೇ ಕೂತಿರ್ತೀನಿ. ಆ ಹೊತ್ತು ಯಾರಿಗೆ ಬೇಕಿತ್ತು?"

"ನೀವು ಎರಡು ಅಂದ್ರೆ ಬುಟ್ಟಿ ಹೆಣೆಯೋ ಉಳಿದ ಆರು ಜನಕ್ಕೂ ಅದೇ ದರ ಆಗತ್ತೆ. ಸಂಜೆ ಅಂಗಡಿಯ ಸಭೇಲಿ ತೀರ್ಮಾನ."

"ದುಬಾರಿಯಾದ್ರೆ ಯಾರೂ ಕೊಳ್ಳಲ್ಲ ಕಣೇ. ಇರೋ ವ್ಯಾಪಾರಿನೂ ಬಿಟ್ಟು ಹೋದ್ರೆ, ನನ್ನ ಬಾಗಿಲಿಗೆ ಬರೋರು ಯಾರು?"

ಟೈಲರಕ್ಕ ಹುಲ್ಲಿನ ಕಟ್ಟನ್ನು ಕೆಳಗಿಟ್ಟು ಕುರ್ಚಿಯಲ್ಲಿ ಕೂತಳು. ಚೀಲದಿಂದ ಅಂಗಿಗಳನ್ನು ತೆಗೆದು ಗುಂಡಿ ಹಾಕತೊಡಗಿದಳು. "ಹೆಣೀರಿ. ನಾನು ಗಡಿಯಾರ ನೋಡ್ತೀನಿ."

ಹುಲ್ಲು ಸೀಳಿ, ತೇವ ಮಾಡಿ, ತಳ ಕಟ್ಟುವ ಹೊತ್ತಿಗೇ ಎರಡು ಗಂಟೆ ದಾಟಿತ್ತು.

"ಹುಲ್ಲು ಎಲ್ಲಿಂದ ತರ್ತೀರಿ?"

"ಹಳ್ಳದ ಆಚೆಯಿಂದ. ಬೇರು ಉಳಿಸಿ ಬಲಿತದ್ದಷ್ಟೇ ಕೊಯ್ತೀನಿ. ಎಲ್ಲಾ ಕಿತ್ತುಬಿಟ್ರೆ ಮುಂದಿನ ವರ್ಷ ಏನು, ನನ್ನ ಜಡೆ ಹೆಣೀಲಾ?"

"ಅಷ್ಟು ದೂರ ನಡೆದದ್ದಕ್ಕೂ ಬುಟ್ಟಿಗೊಂದು ಗಂಟೆ ಸೇರಿಸ್ತೀನಿ."

ಮಧ್ಯಾಹ್ನ ಅರ್ಧ ಗಂಟೆ ಇಬ್ಬರೂ ಕೂಡಿ ಉಂಡರು. ನಾಲ್ಕೂವರೆಗೆ ಮುಚ್ಚಳದ ಕೊನೆಯ ಸುತ್ತು ಮುಗಿಯಿತು. ಚಿಕ್ಕಮ್ಮ ಅದನ್ನು ಮೆಲ್ಲಗೆ ಬಿಚ್ಚಿ ಮತ್ತೆ ಹೆಣೆದಳು. ಮತ್ತೆ ಬಿಚ್ಚಿದಳು.

"ಸರಿಯಾಗೇ ಇತ್ತಲ್ಲ ಚಿಕ್ಕಮ್ಮ?"

ಚಿಕ್ಕಮ್ಮ ತಲೆ ಎತ್ತಲಿಲ್ಲ. "ಮುಗಿದ್ರೆ ನೀನು ಎದ್ದು ಹೋಗ್ತೀಯಲ್ಲ."

ಟೈಲರಕ್ಕನ ಸೂಜಿ ನಿಂತಿತು.

"ಬಿಚ್ಚಿದ್ದನ್ನ ಬರ್ಕೋಬೇಡ. ಅದು ನನ್ನ ಹೊತ್ತು."

"ಆಯ್ತು. ಹೆಣೆದದ್ದು ಎಂಟು, ನಡೆದದ್ದು ಒಂದು. ಅದನ್ನ ಸಭೆಗೆ ಬಂದು ನೀವೇ ಹೇಳಿ."

ಸಭೆಯಲ್ಲಿ ಚಿಕ್ಕಮ್ಮ "ಒಂಬತ್ತು" ಅಂದಳು. ಹಿಂದಿನ ಸಾಲಿಗೆ ಕೇಳಿಸಲಿಲ್ಲ. ಎದ್ದು ನಿಂತು ಹೇಳಿದಳು: "ಒಂಬತ್ತು ಗಂಟೆ." ಮನೆಗೆ ಬಂದಾಗ ಕೋಣೆ ಎಂದಿನಂತೆ ಸುಮ್ಮನಿತ್ತು. ಹುಲ್ಲಿನ ಕಟ್ಟನ್ನು ಅವಳು ಕುರ್ಚಿಯ ಮೇಲೆ ಮತ್ತೆ ಇಡಲಿಲ್ಲ.

ಕೈಕೆಲಸದ ಅಕ್ಕಂದಿರೇ, ನಿಮ್ಮ ಗಂಟೆಗಳನ್ನು ಪೂರ್ತಿ ಹೇಳಿ. ಕೊಳ್ಳುವವರೇ, ಚೌಕಾಸಿಗೆ ಮೊದಲು ಕೇಳಿ: ಇದನ್ನು ಮಾಡಿದ್ದು ಯಾರು, ಎಷ್ಟು ಹೊತ್ತು ಕೂತರು? ಆ ಹೊತ್ತೂ ಒಬ್ಬರ ಆಯುಸ್ಸೇ.