ರೋಮೆಡ್‌ಗೆ ಹೇಳಬೇಕಾದ ಮಾತು

ಆ ಮಾತನ್ನು ಕಾಸಿಯಾನನೇ ಹೇಳಬೇಕೆಂದು ತೀರ್ಮಾನವಾಗಿತ್ತು. ತೀರ್ಮಾನ ಮಾಡಿದವಳು ರೋಮೆಡ್‌ನ ಹೆಂಡತಿ ಓಟಿ.

"ನಾನು ಹೇಳಿದ್ರೆ, ಇವಳು ನನ್ನ ಮನೇಲಿ ಕಟ್ಟಿಹಾಕ್ತಾಳೆ ಅಂತಾನೆ. ಡಾಕ್ಟರು ಹೇಳಿದ್ರೆ, ಪೇಟೆಯವನಿಗೇನು ಗೊತ್ತು ಅಂತಾನೆ. ನೀನು ಹೇಳಿದ್ರೆ ಕೇಳ್ತಾನೆ ಕಣೋ ಕಾಸಿಯಾನ್. ಇದೊಂದ್ಸಲ ಕರ್ಕೊಂಡ್ಹೋಗಿ, ಮನಸಾರೆ ಸ್ಕೀ ಮಾಡ್ಲಿ. ಕೆಳಗಿಳಿದ್ಮೇಲೆ ಹೇಳ್ಬಿಡು, ಇನ್ಮೇಲೆ ಬೆಟ್ಟ ಬೇಡ ಅಂತ." ಅಡುಗೆಮನೆಯಲ್ಲಿ ಅವನ ಎರಡೂ ಕೈ ಹಿಡಿದುಕೊಂಡು ಬೇಡಿಕೊಂಡಿದ್ದಳು. ಕಾಸಿಯಾನ್ ಹೂಂ ಎಂದುಬಿಟ್ಟ. ಹೂಂ ಅನ್ನುವುದಕ್ಕೇನು, ಯಾರು ಬೇಕಾದರೂ ಅಂದಾರು. ಅವತ್ತಿನಿಂದ ಅವನಿಗೆ ತಿಂದದ್ದು ಮೈಗೆ ಹತ್ತಲಿಲ್ಲ.

ಯಾರಿಗೆ ಯಾರು ಹೇಳುವ ಮಾತು ಇದು! ಇಡೀ ಕಣಿವೆಯ ಪರ್ವತ ರಕ್ಷಣಾ ಪಡೆಯನ್ನು ಅಷ್ಟು ವರ್ಷ ನಡೆಸಿದವನು ರೋಮೆಡ್. ಹರೆಯದಲ್ಲಿ ಕಾಸಿಯಾನ್ ಹಿಮಕುಸಿತದಲ್ಲಿ ಹೂತುಹೋದಾಗ ಸಲಿಕೆ ಮುರಿದುಹೋದರೂ ಬಿಡದೆ ಕೈಯಲ್ಲೇ ಹಿಮ ಬಗೆದು ಅವನನ್ನು ಎಳೆದು ತೆಗೆದವನೂ ಅವನೇ. ಕಣ್ಣು ಬಿಟ್ಟ ಕಾಸಿಯಾನ್‌ಗೆ ಮೊದಲು ಕೇಳಿಸಿದ್ದು ರೋಮೆಡ್‌ನ ಬೈಗುಳ: "ಥೂ ನಿನ್ನ, ಹೆಣ ಹೊರೋಕೆ ಅಂತ ಬಂದ್ರೆ ನೀನಿನ್ನೂ ಬದುಕಿದೀಯಲ್ಲೋ!" ಅಂಥವನ ಹತ್ತಿರ ಹೋಗಿ, ಲೋ, ನಿನ್ನ ಬೆಟ್ಟ ಮುಗಿಯಿತು ಎನ್ನಬೇಕಂತೆ.

ಮೇ ತಿಂಗಳು. ಕೆಳಗೆ ಹುಲ್ಲುಗಾವಲಿನಲ್ಲಿ ಹೂ ಬಿಟ್ಟಾಗಿತ್ತು. ಊರವರೆಲ್ಲ ಸ್ಕೀಗಳನ್ನು ಒರೆಸಿ ಅಟ್ಟಕ್ಕೆ ಹಾಕಿ, ಸೈಕಲ್ ಇಳಿಸಿದ್ದರು. ಈ ಹೊತ್ತಿನಲ್ಲಿ ಸ್ಕೀ ಹೆಗಲಿಗೇರಿಸಿ ಕಾಡು ದಾಟಿ, ಮೇಲೆಲ್ಲೋ ಉಳಿದ ಹಿಮ ಹುಡುಕಿಕೊಂಡು ಹೋಗುವವರು ಅರೆಹುಚ್ಚರು. ಅಂಥ ಅರೆಹುಚ್ಚರು ಈ ಊರಲ್ಲಿ ಮೂವರು: ರೋಮೆಡ್, ಬಡಗಿ ಕಾಸಿಯಾನ್, ಶಾಲೆಯ ಅಡುಗೆಯವಳು ಬುರ್ಗಲ್. ಮೂವರಿಗೂ ಅರವತ್ತು ದಾಟಿದೆ. ಬುದ್ಧಿ ಬಂದಿಲ್ಲ.

ಬೆಳಕು ಹರಿಯುವ ಮುಂಚೆ ರಸ್ತೆ ಮುಗಿಯುವಲ್ಲಿ ಕಾರು ನಿಲ್ಲಿಸಿದರು. ಹೊರಡುವ ಮುನ್ನ ಒಬ್ಬರನ್ನೊಬ್ಬರು ಪರೀಕ್ಷಿಸುವ ಪದ್ಧತಿಯಿದೆ. ಹಿಮದಡಿ ಸಿಕ್ಕಿಕೊಂಡವರನ್ನು ಹುಡುಕಲು ಎದೆಗೆ ಕಟ್ಟಿಕೊಳ್ಳುವ ಪುಟ್ಟ ಯಂತ್ರ, ಬೀಪರ್. ಒಬ್ಬರು ನಿಲ್ಲುವುದು, ಉಳಿದವರು ಒಬ್ಬೊಬ್ಬರಾಗಿ ಎದುರಿಗೆ ಹಾದುಹೋಗುವುದು, ಯಂತ್ರ ಕೂಗಿದರೆ ಸರಿ. ಬುರ್ಗಲ್ ನಿಂತಳು. ಕಾಸಿಯಾನ್ ಹಾದುಹೋದ, ಕೂಗಿತು. ರೋಮೆಡ್ ಹಾದುಹೋದ, ಸದ್ದಿಲ್ಲ.

"ಇನ್ನೊಂದ್ಸಲ ಬಾ," ಎಂದಳು ಬುರ್ಗಲ್.

ಮತ್ತೆ ಸದ್ದಿಲ್ಲ. ರೋಮೆಡ್ ಅಂಗಿಯ ಗುಂಡಿ ಬಿಚ್ಚಿದ. ಎದೆಯ ಪಟ್ಟಿಯೊಳಗೆ ಜೋಪಾನವಾಗಿ ಟೀವಿಯ ರಿಮೋಟ್ ಕೂತಿತ್ತು.

ಮೂವರೂ ಅದನ್ನೇ ನೋಡಿದರು. ಮೊದಲು ನಕ್ಕವನು ರೋಮೆಡ್. "ಸತ್ರೆ ಚಾನೆಲ್ ಬದಲಾಯಿಸ್ಕೊಬಹುದು ಬಿಡ್ರೋ!" ಬುರ್ಗಲ್ ಬಿದ್ದು ಬಿದ್ದು ನಕ್ಕಳು. ಅವಳ ಚೀಲದಲ್ಲಿ ಇನ್ನೊಂದು ಬೀಪರ್ ಇತ್ತು, ಓಟಿ ಮೊದಲೇ ಎಚ್ಚರಿಸಿದ್ದಳು. ಅದನ್ನು ಅವನಿಗೆ ಕಟ್ಟುವಾಗ ಅವಳು ಮುಖ ಪಕ್ಕಕ್ಕೆ ತಿರುಗಿಸಿಕೊಂಡಳು. ಕಾಸಿಯಾನ್ ರಿಮೋಟನ್ನು ಕಾರಿನೊಳಗೆ ಇಟ್ಟುಬಂದ.

ಆದರೆ ಕಾಡು ದಾಟಿ ಹಿಮ ಸಿಕ್ಕಿ, ಸ್ಕೀಗಳ ಅಡಿಗೆ ರೋಮದ ಪಟ್ಟಿ ಅಂಟಿಸಿ ಹತ್ತಲು ತೊಡಗಿದ ಮೇಲೆ ನೋಡಬೇಕಿತ್ತು ಅವನನ್ನು. ಆ ಪಟ್ಟಿಯ ರೋಮ ಹಿಂದಕ್ಕೆ ಜಾರಲು ಬಿಡುವುದಿಲ್ಲ, ಸ್ಕೀ ಮುಂದಕ್ಕೆ ಮಾತ್ರ ಹೋಗುತ್ತದೆ. ರೋಮೆಡ್ ಮುಂದೆ ನಡೆದ. ಎಲ್ಲಿ ತಿರುವು ತೆಗೆಯಬೇಕು, ಎಲ್ಲಿ ಬಂಡೆಯ ಅಂಚು ಬಿಟ್ಟು ನಡೆಯಬೇಕು, ಒಂದೂ ತಪ್ಪಲಿಲ್ಲ. ಹೆಂಡತಿಯ ತಂಗಿಯ ಹೆಸರು ಮರೆತವನ ಕಾಲಿಗೆ ಬೆಟ್ಟದ ಒಂದೊಂದು ಮಡಿಕೆಯೂ ನೆನಪಿತ್ತು.

"ಇವನಿಗೇನೂ ಆಗಿಲ್ಲ ಕಣೇ," ಎಂದು ಕಾಸಿಯಾನ್ ಹಿಂದಿದ್ದ ಬುರ್ಗಲ್‌ಗೆ ಪಿಸುಗುಟ್ಟಿದ. "ಡಾಕ್ಟರು ತಪ್ಪು ಹೇಳಿರ್ಬೇಕು."

"ಹೇಳೋಕೆ ಧೈರ್ಯ ಇಲ್ಲ ಅಂದ್ರೆ ಇಲ್ಲ ಅನ್ನು. ಡಾಕ್ಟರ ಮೇಲೆ ಯಾಕೆ ಹಾಕ್ತೀಯ?"

ಅವನು ಮುಂದಿನ ಸ್ಕೀ ಗುರುತಿನಲ್ಲೇ ಸ್ಕೀ ಇಟ್ಟು ಹತ್ತಿದ.

ತುದಿಯಲ್ಲಿ ನೆಟ್ಟ ಶಿಲುಬೆಯ ಬುಡದಲ್ಲಿ ಮೂವರೂ ಕೈಕುಲುಕಿ, ತುದಿ ಮುಟ್ಟಿದವರು ಒಬ್ಬರಿಗೊಬ್ಬರು ಶುಭ ಕೋರುವ ಪದ್ಧತಿಯಂತೆ "ಬೆರ್ಗ್ ಹೈಲ್" ಎಂದರು. ಬುರ್ಗಲ್ ಕಪ್ಪು ರೊಟ್ಟಿ, ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸ ತೆಗೆದಳು. ಸ್ಕೀ ಅಡಿಯ ಪಟ್ಟಿ ಕಿತ್ತು ಚೀಲಕ್ಕೆ ಹಾಕಿಕೊಂಡದ್ದಾಯಿತು. ಇನ್ನು ಕಾಯುವುದು. ವಸಂತದ ಹಿಮ ರಾತ್ರಿ ಕಲ್ಲಾಗುತ್ತದೆ, ಬೆಳಗಿನ ಬಿಸಿಲಿಗೆ ಮೇಲಿನ ಎರಡು ಬೆರಳಷ್ಟು ಬೆಣ್ಣೆಯಂತೆ ಸಡಿಲಾಗುತ್ತದೆ. ಇಳಿಯಬೇಕಾದ್ದು ಆಗ. ತಡ ಮಾಡಿದರೆ ಇಡೀ ಇಳಿಜಾರೇ ನೆನೆದು ಕುಸಿಯುತ್ತದೆ. ರೋಮೆಡ್ ಆಗಾಗ ಹೋಗಿ ಕೋಲಿನಿಂದ ಹಿಮ ಚುಚ್ಚಿ ಬರುತ್ತಿದ್ದ.

"ಇನ್ನೂ ಇಲ್ಲ. ಏನವಸರ? ಮನೇಲಿ ಹಾಲು ಉಕ್ತಿದ್ಯಾ?"

ಆಮೇಲೆ ಒಮ್ಮೆ ಚುಚ್ಚಿ, ಮುಖವರಳಿಸಿಕೊಂಡು ನಿಂತ. "ಈಗ."

ಮೊದಲು ಅವನೇ ಇಳಿದ. ಯಾವತ್ತೂ ಮೊದಲು ಇಳಿಯುವವನು ಅವನೇ, ಇವತ್ತು ಬೇಡ ಎನ್ನಲು ಇಬ್ಬರಿಗೂ ಬಾಯಿ ಬರಲಿಲ್ಲ. ಒಬ್ಬ ಇಳಿದು, ಕೆಳಗಿನ ದೊಡ್ಡ ಬಂಡೆಯ ಮರೆಯಲ್ಲಿ ನಿಂತು ಕೋಲೆತ್ತುವ ತನಕ ಇನ್ನೊಬ್ಬ ಹೊರಡಬಾರದು. ಈ ನಿಯಮ ಕಲಿಸಿದವನೂ ಅವನೇ. ಆಹಾ, ಏನು ಇಳಿದ! ಆ ವಯಸ್ಸಿನಲ್ಲಿ, ಆ ಸವೆದ ಮಂಡಿ ಇಟ್ಟುಕೊಂಡು! ಕಾಸಿಯಾನ್‌ನ ಕಣ್ಣು ತುಂಬಿ ಬಂತು.

ಇಳಿಜಾರಿನ ನಡುವೆ ರೋಮೆಡ್ ನಿಂತ. ಬಂಡೆ ಇನ್ನೂ ದೂರವಿತ್ತು. ಸುತ್ತ ನೋಡಿದ. ಸ್ಕೀ ಬಿಚ್ಚಿ, ಚೀಲ ಇಳಿಸಿ, ಏನನ್ನೋ ತೆಗೆದು ಬಗ್ಗಿದ.

"ಏನ್ಮಾಡ್ತಿದಾನೆ ಇವನು?" ಎಂದಳು ಬುರ್ಗಲ್. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. "ಅಯ್ಯೋ ದೇವರೇ. ಪಟ್ಟಿ ಹಾಕ್ಕೊತಿದಾನೆ."

ಹೌದು. ರೋಮೆಡ್ ಮತ್ತೆ ಸ್ಕೀಗಳಿಗೆ ಪಟ್ಟಿ ಅಂಟಿಸಿ, ತಾನು ಇಳಿದು ಬಂದ ದಾರಿಯಲ್ಲೇ ಮೇಲಕ್ಕೆ ಹತ್ತತೊಡಗಿದ. ತುದಿ ಮುಟ್ಟಿದ್ದು, ರೊಟ್ಟಿ ತಿಂದದ್ದು, ಇಳಿದದ್ದು ಎಲ್ಲ ಅಳಿಸಿಹೋಗಿತ್ತು. ತಲೆಯೆತ್ತಿದರೆ ಮೇಲೆ ಗೆಳೆಯರಿಬ್ಬರು ಕಾಣುತ್ತಿದ್ದಾರೆ, ತಾನು ಕೆಳಗಿದ್ದಾನೆ. ಅವನಿಗೆ ಅರ್ಥವಾಗಿದ್ದು ಅಷ್ಟೇ.

"ನಿಲ್ರೋ!" ಎಂದು ಕೆಳಗಿನಿಂದ ಕೂಗಿದ. "ನನ್ನ ಬಿಟ್ಟು ಹೋಗ್ಬೇಡ್ರೋ! ಬರ್ತಿದೀನಿ!"

ಆ ದನಿ! ಗಂಡುದನಿಯೇ ಆದರೂ ಅದರೊಳಗೆ ಜಾತ್ರೆಯಲ್ಲಿ ಕೈ ತಪ್ಪಿದ ಮಗುವಿನ ಗಾಬರಿಯಿತ್ತು. ಬಿಸಿಲು ಏರುತ್ತಿತ್ತು. ಕಾಸಿಯಾನ್ ಕಾಯಲಿಲ್ಲ. ನಿಯಮ ಮುರಿದು, ರೋಮೆಡ್ ಕೋಲು ಎತ್ತದಿದ್ದರೂ ಅವನತ್ತ ಇಳಿದ.

ರೋಮೆಡ್‌ನ ಮುಖ ಬೆವರಿನಿಂದ ತೊಯ್ದಿತ್ತು, ಕೋಪದಿಂದ ಕೆಂಪಾಗಿತ್ತು. "ನಾಚ್ಕೆ ಆಗಲ್ವೇನೋ? ಬೂಟು ಬಿಗಿಯೋ ಅಷ್ಟರಲ್ಲಿ ಬಿಟ್ಟು ಹೋಗ್ಬಿಟ್ರಲ್ಲ! ಮುದುಕ ಆದೆ ಅಂತಾನಾ?"

"ಇಲ್ಲ ಕಣೋ. ನಾವು..."

"ಹೇಳೋ ಮುಖ ನೋಡ್ಕೊಂಡು. ನಾನು ಭಾರ ಆದ್ನಾ ನಿಮಗೆ? ನನ್ನ ಬಿಟ್ಟು ಹೋಗೋಣ ಅಂತ ಇಬ್ರೂ ಮಾತಾಡ್ಕೊಂಡಿದ್ರಾ?"

ಇಲ್ಲವೆಂದು ಕಾಸಿಯಾನ್ ಹೇಗೆ ಹೇಳಿಯಾನು? ಮಾತಾಡಿಕೊಂಡಿದ್ದರು. ಓಟಿಯ ಅಡುಗೆಮನೆಯಲ್ಲಿ ಬುರ್ಗಲ್ ಜೊತೆ ಕೂತು, ಕಾಫಿ ಕುಡಿಯುತ್ತ, ಅದನ್ನೇ ಮಾತಾಡಿಕೊಂಡಿದ್ದರು. ಅಷ್ಟರಲ್ಲಿ ಪಕ್ಕದಲ್ಲಿ ಒದ್ದೆ ಹಿಮದ ಉಂಡೆಗಳು ಸರಸರ ಉರುಳಿ ಹೋದವು. ಇಲ್ಲಿ ನಿಲ್ಲುವ ಹಾಗಿಲ್ಲ.

"ಬುರ್ಗಲ್‌ಗೆ ಮಂಡಿ ಹಿಡ್ಕೊಂಡಿದೆ," ಎಂದುಬಿಟ್ಟ. "ಅವಳನ್ನ ಇಳಿಸ್ಬೇಕು ರೋಮೆಡ್. ದಾರಿ ನೀನೇ ತೋರಿಸ್ಬೇಕು, ನನಗೆ ಗೊತ್ತಾಗ್ತಿಲ್ಲ."

ರೋಮೆಡ್‌ನ ಬೆನ್ನು ನೆಟ್ಟಗಾಯಿತು. "ಮೊದ್ಲೇ ಬೊಗಳೋಕೇನಾಗಿತ್ತು? ತಡಿ, ಪಟ್ಟಿ ತೆಗೀತೀನಿ. ನಾನು ಮುಂದೆ, ಅವಳು ನನ್ನ ಗುರುತಿನಲ್ಲೇ ಬರ್ಲಿ, ನೀನು ಹಿಂದೆ. ಎಡಕ್ಕೆ ಹೋಗ್ಬೇಡಿ, ಅದು ಬೀಳುತ್ತೆ."

ಕಾಸಿಯಾನ್ ಬುರ್ಗಲ್‌ಗೆ ಕೋಲೆತ್ತಿ ಕರೆದು, ತನ್ನ ಮಂಡಿ ತಟ್ಟಿ ಸನ್ನೆ ಮಾಡಿದ. ಬಂದವಳೇ ಕುಂಟತೊಡಗಿದಳು. ರೋಮೆಡ್ ಇಬ್ಬರನ್ನೂ ಕೂದಲು ಕೊಂಕದ ಹಾಗೆ ಇಳಿಸಿದ. ಅವರು ಬಂಡೆ ದಾಟಿದ ಮೇಲೆ ಎಡಭಾಗ ನಿಜವಾಗಿಯೂ ಬಿತ್ತು. ದೊಡ್ಡದೇನಲ್ಲ, ಒಬ್ಬ ಮನುಷ್ಯನನ್ನು ಹೂಳಲು ಸಾಕಾಗುವಷ್ಟು.

ಕಾಡಿನಂಚಿನಲ್ಲಿ ಹಸು ಕಾಯುವವರ ಬೇಸಿಗೆ ಮನೆಯಿದೆ. ಹಸುಗಳಿನ್ನೂ ಮೇಲೆ ಬಂದಿರಲಿಲ್ಲ, ಬಾಗಿಲಿಗೆ ಬೀಗ. ಬಿಸಿಲಿನ ಗೋಡೆಗೊರಗಿ ಬೆಂಚಿನ ಮೇಲೆ ಕೂತರು. ಬುರ್ಗಲ್ ತೊರೆಯ ನೀರಲ್ಲಿ ಬಿಯರ್ ಶೀಸೆ ತಣ್ಣಗೆ ಮಾಡುವ ನೆಪದಲ್ಲಿ ಎದ್ದು ಹೋದಳು. ಹೋಗುವಾಗ ಕಾಸಿಯಾನ್‌ನ ಭುಜ ಒತ್ತಿದಳು.

ಅವನು ಹೇಳಿದ. ಸುತ್ತಿಬಳಸದೆ ಹೇಳಿದ. ಇಳಿಜಾರಿನಲ್ಲಿ ಏನಾಯಿತೆಂದು ಹೇಳಿದ, ಇನ್ನು ನಿನ್ನನ್ನು ಬೆಟ್ಟಕ್ಕೆ ಕರೆದೊಯ್ಯುವುದಿಲ್ಲ ಎಂದು ಹೇಳಿದ.

ರೋಮೆಡ್ ಬಗ್ಗಿ ಬೂಟಿನ ಕೊಕ್ಕೆ ಸಡಿಲಿಸಿದ. ಆ ಕ್ಷಣ ಅವನ ತಲೆ ತಿಳಿಯಾಗಿತ್ತು. ತಿಳಿಯಾಗಿರದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಓಟಿ ಹೇಳು ಅಂದ್ಲಾ?"

"ಹೂಂ."

"ಬುದ್ಧಿವಂತೆ. ಅವಳು ಹೇಳಿದ್ರೆ ಬೈದುಬಿಡ್ತಿದ್ದೆ. ನಿನಗೆ ಬೈಯೋಕೆ ಆಗಲ್ಲ." ತಲೆಯೆತ್ತಿ ಬೆಟ್ಟ ನೋಡಿ, "ನನಗೆ ಬೇರೆ ಏನೂ ಬರಲ್ಲ ಕಣೋ ಕಾಸಿಯಾನ್," ಎಂದ. ಅಷ್ಟು ಹೇಳಿ, ದೊಡ್ಡ ಕೈಗಳಲ್ಲಿ ಮುಖ ಮುಚ್ಚಿಕೊಂಡು ಅತ್ತ. ಎಷ್ಟೋ ಹೆಣ ಹೊತ್ತರೂ ಅಳದವನು ಭುಜ ಕುಲುಕುತ್ತ ಅತ್ತ. ಕಾಸಿಯಾನ್ ಅವನನ್ನು ಅಪ್ಪಿಕೊಂಡು ಕೂತ. ತೊರೆಯ ಹತ್ತಿರ ಬುರ್ಗಲ್ ಬೆನ್ನು ತಿರುಗಿಸಿ ನಿಂತಿದ್ದಳು.

ಬಿಯರ್ ಯಾರೂ ಕುಡಿಯಲಿಲ್ಲ. ನಡೆದು ಕಾರಿಗೆ ಬಂದರು. ಬುರ್ಗಲ್ ಓಡಿಸಿದಳು, ಗಂಡಸರಿಬ್ಬರೂ ಹಿಂದೆ ಕೂತರು. ಕೆಳಗಿಳಿದಂತೆ ಹುಲ್ಲು, ಹೂ, ಬಟ್ಟೆ ಒಣಹಾಕಿದ ಅಂಗಳಗಳು. ರೋಮೆಡ್ ಕಿಟಕಿಯಾಚೆ ನೋಡುತ್ತಿದ್ದ. ಮೊದಲ ಮನೆಗಳು ಕಂಡಾಗ ಕೆನ್ನೆ ಮುಟ್ಟಿಕೊಂಡ, ಒದ್ದೆ ಬೆರಳನ್ನು ನೋಡಿಕೊಂಡ.

"ಕಾಸಿಯಾನ್," ಎಂದ ಮೆಲ್ಲಗೆ. "ಎದೆಯೊಳಗೆ ಏನೋ ಭಾರ ಕಣೋ. ಏನೂಂತ ನೆನಪಾಗ್ತಿಲ್ಲ. ಯಾರಾದ್ರೂ ಸತ್ರಾ? ನಾವು ತಡವಾಗಿ ಹೋದ್ವಾ?"

ಎರಡನೇ ಸಲ ಹೇಳುವ ಎದೆ ಕಾಸಿಯಾನ್‌ಗಿರಲಿಲ್ಲ.

"ಇಲ್ಲ ರೋಮೆಡ್. ಯಾರೂ ಸತ್ತಿಲ್ಲ. ಎಲ್ರನ್ನೂ ನೀನು ಇಳಿಸ್ಕೊಂಡು ಬಂದೆ."

"ಅಬ್ಬ!" ರೋಮೆಡ್ ಸೀಟಿಗೊರಗಿದ. ಆಮೇಲೆ ಗೆಳೆಯನ ಮುಖ ನೋಡಿ, ಹುಬ್ಬು ಗಂಟಿಕ್ಕಿ, ಅವನ ತಲೆಯನ್ನು ತನ್ನ ಹೆಗಲಿಗೆ ಎಳೆದುಕೊಂಡ. "ಮತ್ತೆ ಯಾಕೋ ಅಳ್ತಿದೀಯ, ಹುಚ್ಚಪ್ಪ? ಹೆದರ್ಕೊಂಡ್ಯಾ? ಅಳ್ಬೇಡ, ಅಳ್ಬೇಡ. ಮುಂದಿನ ಭಾನುವಾರ ನಾನು ಜೊತೆಗಿರ್ತೀನಲ್ಲ," ಎನ್ನುತ್ತ ಮನೆ ಬರುವವರೆಗೂ ಅವನ ಬೆನ್ನು ಸವರುತ್ತಿದ್ದ.