ನೋಡೋಣ ಅಂದರೆ

ಅಂದು ಬೆಳಗ್ಗೆ ಧನುರ್ಮಾಸದ ಮಂಜು ಎದುರಿನ ಮನುಷ್ಯನನ್ನೂ ಕಾಣಗೊಡುತ್ತಿರಲಿಲ್ಲ. ಅಂಥ ಚಳಿಯಲ್ಲೂ ಸೈಕಲ್ಲು ತುಳಿಯುತ್ತಿದ್ದ ಮುನಿಕೃಷ್ಣನಿಗೆ ಬೆವರು. ರಾತ್ರಿಯಿಂದ ಒಂದೇ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು: "ನೋಡೋಣ."

ಹಿಂದಿನ ದಿನ ಆ ಮಾತಾಡಿದ್ದು ಅವನ ದೊಡ್ಡಪ್ಪ, ಊರ ಹಿರಿಯ ದೊಡ್ಡಬೀರಪ್ಪ. ಕೇಳಿಸಿಕೊಂಡದ್ದು, ಮುನಿಕೃಷ್ಣ ಗುಮಾಸ್ತನಾಗಿ ಸೇರಿದ್ದ ಹೊಸ ಕಾರ್ಖಾನೆಯ ಮ್ಯಾನೇಜರು. ಬಾಶೆಟ್ಟಿಹಳ್ಳಿ ಕಡೆ ಒಂದೊಂದೇ ಕಾರ್ಖಾನೆ ಏಳುತ್ತಿದ್ದ ಕಾಲವದು. ಈ ಕಾರ್ಖಾನೆಯ ಗೋಡೆ ಹಾಯಬೇಕಾದ ಜಾಗದಲ್ಲಿ ಬೇವಿನ ಮರ. ಮರದ ಬುಡದಲ್ಲಿ ಯಾವ ಕಾಲದಿಂದಲೋ ಊರು ಕಾಯುತ್ತ ಕೂತ ಮುನೇಶ್ವರ. ಸ್ವಾಮಿಯನ್ನು ರಸ್ತೆ ಬದಿಗೆ ಎಬ್ಬಿಸಿ ಚೆಂದದ ಗುಡಿ ಕಟ್ಟಿಸಿಕೊಡುತ್ತೇವೆಂದು ಮ್ಯಾನೇಜರು ಗಡಿಯಾರ ನೋಡುತ್ತಲೇ ಹೇಳಿ ಮುಗಿಸಿದ್ದರು. ಬೀರಪ್ಪ ಎಲೆಯಡಿಕೆ ಮೆಲ್ಲುತ್ತ ಬಹಳ ಹೊತ್ತು ಮರವನ್ನೇ ನೋಡಿ, "ನೋಡೋಣ ಬಿಡಿ ಸ್ವಾಮಿ," ಅಂದಿದ್ದ.

ಆ ಊರಲ್ಲಿ ಬಾಗಿಲಿಗೆ ಬಂದವರಿಗೆ ಹಿರಿಯರು ಇಲ್ಲ ಅನ್ನುವುದಿಲ್ಲ, ನೋಡೋಣ ಅನ್ನುತ್ತಾರೆ. ಹೆಣ್ಣು ಕೇಳಲು ಬಂದವರು ಆ ಮಾತು ಕಿವಿಗೆ ಬಿದ್ದರೆ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಡುತ್ತಾರೆ. ಬೆಂಗಳೂರಿನ ಮ್ಯಾನೇಜರು ಮಾತ್ರ, "ಒಪ್ಕೊಂಡ್ರಲ್ಲಾ, ಸಂತೋಷ!" ಎಂದು ಕೈಕುಲುಕಿ ಕಾರು ಹತ್ತಿದ್ದರು. ಎರಡೂ ಕಡೆಯ ಮಾತಿನ ಅರ್ಥ ಬಲ್ಲವನು ಮುನಿಕೃಷ್ಣ ಒಬ್ಬನೇ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ಮ್ಯಾನೇಜರನ್ನು ತಿದ್ದಲು ಧೈರ್ಯ ಸಾಲಲಿಲ್ಲ.

ಮರದ ಹತ್ತಿರ ಬರುವಷ್ಟರಲ್ಲಿ ಹಾರೆಯ ಸದ್ದು. ಕೂಲಿಯವರು ಮುನೇಶ್ವರನ ಕಲ್ಲಿನ ಮುಂದಿನ ತ್ರಿಶೂಲ ಕಿತ್ತು ಮ್ಯಾನೇಜರ ಕೈಗೆ ಕೊಟ್ಟಿದ್ದರು. ಎಲ್ಲಿಡಬೇಕೆಂದು ತೋಚದೆ ಅವರು ಅದನ್ನು ಕೊಡೆಯಂತೆ ಹಿಡಿದು ನಿಂತಿದ್ದರು.

"ನಿಲ್ಸಿ ಸಾರ್! ನೋಡೋಣ ಅಂದ್ರೆ ನಮ್ಮಲ್ಲಿ ಆಗಲ್ಲ ಅಂತ."

"ಏನ್ರೀ ಇದು! ನಾನೂ ನಿಮ್ ದೊಡ್ಡಪ್ಪಾನೂ ಆಡಿದ್ದು ಕನ್ನಡಾನೇ ತಾನೇ?"

ಸದ್ದು ಕೇಳಿ ಬೀರಪ್ಪ ಓಡಿ ಬಂದ. ಬೆನ್ನಿಗೇ ಹೆಂಡತಿ ಮಾರಕ್ಕ. ನಿನ್ನೆಯ ಮಾತುಕತೆಗೆ ಹೆಂಗಸರನ್ನು ಯಾರೂ ಕರೆದಿರಲಿಲ್ಲ.

"ಮಕದ ಮೇಲೆ ಹೊಡ್ದಂಗೆ ಹೆಂಗಪ್ಪಾ ಆಗಲ್ಲ ಅನ್ನೋದು?" ಬೀರಪ್ಪ ಗೊಣಗಿದ.

"ನೀನು ಎಲೆಯಡಿಕೆ ಅಗೀತಾ ಇರು," ಎಂದು ಮಾರಕ್ಕ ಸೆರಗು ಸಿಕ್ಕಿಸಿ ಮುಂದೆ ಬಂದಳು. "ಆಗಲ್ಲ ಸ್ವಾಮಿ. ನಮ್ಮಪ್ಪ ಇಲ್ಲಿಂದ ಏಳಲ್ಲ. ನಿಮ್ ಗೋಡೇನೇ ಒಸಿ ಬಗ್ಗಿಸ್ಕೊಳ್ಳಿ."

ಮುನಿಕೃಷ್ಣ ಸಮಾಧಾನ ಹೇಳಲು ನಡುವೆ ಬರಹೋದ. ಆದರೆ ಮ್ಯಾನೇಜರ ಹುಬ್ಬಿನ ಗಂಟು ಸಡಿಲಿತು. ಹೌದೋ ಅಲ್ಲವೋ, ಅವರಿಗೆ ಬೇಕಿದ್ದದ್ದು ಒಂದು ಗಟ್ಟಿ ಮಾತು.

"ಎಷ್ಟು ಬಗ್ಗಿಸ್ಬೇಕಮ್ಮಾ?"

"ಹೆಂಗಸ್ರು ಆರತಿ ಹೊತ್ಕೊಂಡು ಸುತ್ತೋವಷ್ಟು."

"ಅಷ್ಟಾಗಲ್ಲ. ಅಲ್ಲಿ ಲಾರಿ ತಿರುಗ್ಬೇಕು."

"ಲಾರೀನ ಆ ಕಡೆ ತಿರುಗ್ಸಿ. ಅದಕ್ಕೆ ಚಕ್ರ ಐತೆ, ನಮ್ಮಪ್ಪಂಗಿಲ್ಲ."

ಕೂಲಿಯವರು ಕಿಸಕ್ಕೆಂದರು. ಮ್ಯಾನೇಜರೂ ನಗು ತಡೆಯಲಾರದೆ ತಲೆಯಾಡಿಸಿದರು. "ಆಯ್ತು. ಆದ್ರೆ ಕೆಲಸದ ಹೊತ್ನಲ್ಲಿ ತಮಟೆ ಹೊಡೀಬಾರ್ದು."

"ಅದು ನ್ಯಾಯ. ಹೊಡೆಯಲ್ಲ."

"ನಂದೂ ತಪ್ಪೈತೆ ಸ್ವಾಮಿ," ಎಂದ ಬೀರಪ್ಪ. "ಮರ್ಯಾದೆ ನೋಡ್ತಾ ಕೂತ್ಬಿಟ್ಟೆ."

ಮ್ಯಾನೇಜರು ಬೂಟು ಕಳಚಿ, ಇಬ್ಬನಿಗೆ ಒದ್ದೆಯಾದ ಮಣ್ಣಿನ ಮೇಲೆ ನಾಲ್ಕು ಹೆಜ್ಜೆ ನಡೆದು, ತ್ರಿಶೂಲವನ್ನು ಎರಡೂ ಕೈಯಿಂದ ಮುದುಕನಿಗೆ ಒಪ್ಪಿಸಿದರು.