ಬಣ್ಣ ಬಳಿದ ಕೊಳವೆಗಳು

ನನ್ನ ತಂಗಿ ಹೊಸ ರಸ್ತೆಯನ್ನು ಅಗೆಸಿದ ದಿನ ಊರಿನ ಅರ್ಧ ಜನ ಅವಳಿಗೆ ಶಾಪ ಹಾಕಿದರು. ಡಾಂಬರು ಇನ್ನೂ ಹೊಳೆಯುತ್ತಿತ್ತು. ಬಸ್ಸುಗಳು ಸುತ್ತು ಬಳಸಿ ಹೋಗಬೇಕಾಯಿತು, ಅಂಗಡಿಯವರು ಬಾಗಿಲಲ್ಲಿ ನಿಂತು ಗೊಣಗಿದರು. ಅವಳು ಮಾತ್ರ ಗುಂಡಿಯೊಳಗೆ ಕೆಸರಿನಲ್ಲಿ ನಿಂತು, ಒಡೆದ ಕೊಳವೆಯಿಂದ ಒಂದು ತುಂಡು ಕೊಯ್ಯಿಸುತ್ತಿದ್ದಳು.

ಅವಳು ನಗರದ ನೀರು ಸರಬರಾಜು ಇಲಾಖೆಯಲ್ಲಿ ಇಂಜಿನಿಯರ್. ಗುಡ್ಡದ ಮೇಲಿನ ಬಡಾವಣೆಗೆ ನೀರು ಹತ್ತಿಸಲೆಂದು ಹಾಕಿದ ಹೊಸ ಕೊಳವೆ ವರ್ಷ ತುಂಬುವ ಮೊದಲೇ ಮತ್ತೆ ಮತ್ತೆ ಒಡೆಯುತ್ತಿತ್ತು. ಒಡೆಯದಿದ್ದಾಗ ಬರುತ್ತಿದ್ದ ನೀರಿಗೂ ತುಕ್ಕಿನ ಬಣ್ಣ. ಮಣ್ಣು ಕುಸಿದಿದೆ ಎಂದು ಇಲಾಖೆ ಹೇಳಿತು. ಕೊಳವೆ ಹಾಕಿದ ವಿದೇಶಿ ಕಂಪನಿಯೂ ತಲೆಯಾಡಿಸಿತು. ಮಣ್ಣಿಗೆ ಬಾಯಿ ಇಲ್ಲವಲ್ಲ, ತಪ್ಪು ಹೊರಿಸುವುದು ಸುಲಭ.

ಸಂಜೆ ಅವಳು ಆ ತುಂಡನ್ನು ನನ್ನ ಹೊಲಿಗೆ ಅಂಗಡಿಗೆ ತಂದು, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಧೊಪ್ಪನೆ ಇಟ್ಟಳು. ಶಾಲೆಯ ಬಿಳಿ ಅಂಗಿಗಳ ಬಟ್ಟೆ ಅಲ್ಲೇ ಹರಡಿತ್ತು.

"ಏ, ಕೆಸರು ಕಣೇ!" ಅಂದೆ.

"ಇರಲಿ ಅಕ್ಕಾ. ಒಳಗಡೆ ಉಗುರಲ್ಲಿ ಗೀರು ನೋಡೋಣ."

ಗೀರಿದೆ. ಬೂದು ಬಣ್ಣ ಈರುಳ್ಳಿ ಸಿಪ್ಪೆಯಂತೆ ಎದ್ದು ಬಂತು. ಅದರ ಕೆಳಗೆ ಬರೀ ತುಕ್ಕು.

"ಒಳಗೆ ಸಿಮೆಂಟಿನ ಲೇಪನ ಇರಬೇಕಿತ್ತು. ಅದಿದ್ರೆ ಕಬ್ಬಿಣಕ್ಕೆ ನೀರು ತಾಗಲ್ಲ. ಇವರು ಸಿಮೆಂಟಿನ ಹಾಗೆ ಕಾಣೋ ಬಣ್ಣ ಬಳಿದು ಕಳಿಸಿದ್ದಾರೆ."

ಮೂಲೆಯಲ್ಲಿ ಕಾಜಾ ಹೊಲಿಯುತ್ತಿದ್ದ ಅಮ್ಮ ಕನ್ನಡಕ ಮೇಲೇರಿಸಿದಳು. "ನುಂಗಿ ನೀರು ಕುಡಿಯೋರನ್ನ ನೋಡಿದ್ದೆ. ಇವರು ಕುಡಿಯೋ ನೀರನ್ನೇ ನುಂಗಿದ್ದಾರಲ್ಲೇ!"

ಮರುದಿನ ತಂಗಿ ಆ ತುಂಡನ್ನು ಮುಖ್ಯ ಇಂಜಿನಿಯರ ಮುಂದಿಟ್ಟಳು. ಅವರು ಅದನ್ನು ಮುಟ್ಟಲಿಲ್ಲ. ಮೇಜಿನ ಗಾಜು ಗೀಚೀತೆಂದು ಕೆಳಗಿಡಿಸಿದರಂತೆ. "ನೋಡಮ್ಮ, ಇದೆಲ್ಲ ಮೇಲಿಂದ ಒಪ್ಪಿಗೆ ಆಗಿ ಬಂದಿದ್ದು. ನೀನು ಚಿಕ್ಕವಳು, ಮುಂದೆ ಬರೋಳು. ಸುಮ್ಮನೆ ಯಾಕೆ ಮೈಮೇಲೆ ಎಳ್ಕೊಳ್ತೀಯ?"

"ಮೇಲಿಂದ ಬಂದಿರಬಹುದು ಸಾರ್. ಒಡೀತಿರೋದು ಕೆಳಗೆ," ಅಂದಳಂತೆ ಇವಳು.

ವಾರದೊಳಗೆ ಎತ್ತಂಗಡಿ. ಊರಾಚೆಯ ಹಳೆಯ ಪಂಪ್‌ಹೌಸಿಗೆ ಹಾಕಿದರು. ಅಲ್ಲಿನ ಪಂಪುಗಳು ನಿಂತು ಎಷ್ಟೋ ವರ್ಷಗಳಾಗಿದ್ದವು. ಒಂದು ಮುರುಕು ಕುರ್ಚಿ, ಪಾರಿವಾಳಗಳು, ಅವುಗಳ ಹಿಕ್ಕೆ. ಕೆಲಸವಿಲ್ಲದ ಕಡೆ ಕೂರಿಸಿದರೆ ಮನುಷ್ಯ ತಾನಾಗಿ ಕುಗ್ಗುತ್ತಾನೆಂದು ಅವರ ಲೆಕ್ಕಾಚಾರ. ನನ್ನ ತಂಗಿಗೆ ಅವರು ಕೊಟ್ಟದ್ದು ಯಾರೂ ಅಡ್ಡಿಪಡಿಸದ ಹಗಲು.

ಆ ಹಗಲುಗಳಲ್ಲಿ ಅವಳು ಫೋನಿನಲ್ಲಿ ಜಗತ್ತನ್ನೆಲ್ಲ ಜಾಲಾಡಿದಳು. ಅದೇ ಕಂಪನಿ ಎಲ್ಲೆಲ್ಲಿ ಕೊಳವೆ ಹಾಕಿದೆ, ಎಲ್ಲಿ ಒಡೆದಿದೆ ಎಂದು. ಒಂದು ಮಧ್ಯಾಹ್ನ ಯಾವುದೋ ದೂರದ ದೇಶದ ಸುದ್ದಿಯ ಫೋಟೋ ಸಿಕ್ಕಿತು. ನೀರು ತುಂಬಿದ ರಸ್ತೆ, ಬಾಯಿಬಿಟ್ಟ ಕೊಳವೆ, ಅದರ ಹೊರಮೈ ಮೇಲೆ ನಮ್ಮ ಕೊಳವೆಯ ಮೇಲಿದ್ದಂಥದೇ, ಆ ಕಂಪನಿಯ ಮೀನಿನ ಮುದ್ರೆ. ಪಕ್ಕದಲ್ಲಿ ಗಂಬೂಟು ಹಾಕಿಕೊಂಡು ಸಿಟ್ಟಿನಿಂದ ಕ್ಯಾಮರಾ ನೋಡುತ್ತಿದ್ದ ಒಬ್ಬ ಹೆಂಗಸು. ಅಲ್ಲಿನ ಪತ್ರಿಕೆಯ ವರದಿಗಾರ್ತಿ ಎಂದು ಕೆಳಗೆ ಬರೆದಿತ್ತು. ತಂಗಿ ಅವಳಿಗೆ ತನ್ನ ತುಂಡಿನ ಚಿತ್ರ ಕಳಿಸಿ, ಒಳಗೆ ಗೀರಿ ನೋಡುವಂತೆ ಬರೆದಳು.

ಉತ್ತರ ಬಂದದ್ದು ಎರಡೇ ಪದಗಳಲ್ಲಿ: "ನಿಮ್ಮಲ್ಲೂ ಬಣ್ಣವೇ?"

ಅವಳಿಗೆ ಅಮ್ಮ ಅಂದೇ ಗಂಬೂಟಿನವಳು ಎಂದು ಹೆಸರಿಟ್ಟಳು. ಗಂಬೂಟಿನವಳ ಮೂಲಕ ಮತ್ತೊಂದು ದೇಶದ ಮುದಿ ವಕೀಲ ಸಿಕ್ಕಿದ. ಅವನಿಂದ ಇನ್ನೊಂದು ಕಡೆಯ ನೀರು ಪರೀಕ್ಷೆ ಮಾಡುವ ತಜ್ಞ. ಹೀಗೆ ಬೆಳೆಯಿತು. ವಾರಕ್ಕೊಮ್ಮೆ ನನ್ನ ಅಂಗಡಿಯ ಗೋಡೆಗೆ ಒರಗಿಸಿದ ಪರದೆಯಲ್ಲಿ ಅವರೆಲ್ಲ ಕಾಣಿಸಿಕೊಳ್ಳುತ್ತಿದ್ದರು. ಒಬ್ಬರಿಗೆ ಬೆಳಗಾದರೆ ಇನ್ನೊಬ್ಬರಿಗೆ ಊಟದ ಹೊತ್ತು. ನಾಲ್ಕು ಬಗೆಯ ಇಂಗ್ಲಿಷು, ನಡುವೆ ನನ್ನ ಮಿಷನ್ನಿನ ಟರ್ರೆನ್ನುವ ಸದ್ದು. ಜಗಳವೂ ಬೇಕಾದಷ್ಟಾಯಿತು. ಸಂಘಕ್ಕೆ ಹೆಸರೇನು, ಯಾರು ಮಾತಾಡಬೇಕು, ತಡಮಾಡದೆ ಬಯಲಿಗೆ ಬರೋಣವೇ, ಕಾಯೋಣವೇ. ಒಮ್ಮೆ ವಕೀಲ ಮುನಿಸಿಕೊಂಡು ಪರದೆಯನ್ನೇ ಆರಿಸಿ ಹೋಗಿ, ಅರ್ಧ ಗಂಟೆ ಬಿಟ್ಟು ಕೆಮ್ಮುತ್ತ ವಾಪಸು ಬಂದ.

ಆಮೇಲೆ ತಜ್ಞ ಬರುವುದನ್ನು ನಿಲ್ಲಿಸಿದ. ಅವನ ಅಣ್ಣನನ್ನು ಯಾರೋ ದಾರಿಯಲ್ಲಿ ಅಡ್ಡಗಟ್ಟಿ ಹೊಡೆದಿದ್ದರು. "ಕ್ಷಮಿಸಿ, ನನಗೆ ಧೈರ್ಯ ಸಾಲದು" ಎಂದು ಬರೆದ. ಅಂದು ಮೊದಲು ಮಾತಾಡಿದವಳು ನನ್ನ ತಂಗಿ.

"ಅವರ ತಪ್ಪಿಲ್ಲ. ಅವರು ಒಬ್ಬರೇ ಸಿಕ್ಕಿದ್ದಕ್ಕೆ ಹಾಗಾಯ್ತು. ಇನ್ಮೇಲೆ ಒಬ್ಬರ ಹತ್ರ ಏನಿದೆಯೋ ಅದು ಎಲ್ಲರ ಹತ್ರ ಇರಲಿ. ಒಬ್ಬರ ಬಾಯಿ ಮುಚ್ಚಿಸಿದ್ರೆ ಉಳಿದವರು ಅದೇ ಮಾತನ್ನ ಅದೇ ದಿನ, ಎಲ್ಲಾ ದೇಶದಲ್ಲೂ ಹೇಳಬೇಕು. ಎಷ್ಟು ಬಾಯಿಗೆ ಬೀಗ ಹಾಕ್ತಾರೆ ನೋಡೋಣ."

ಸಂಘ ನಿಜವಾಗಿ ಹುಟ್ಟಿದ್ದು ಅಂದೇ ಎಂದು ನನಗನ್ನಿಸುತ್ತದೆ.

ಕೆಲವು ದಿನಗಳಲ್ಲಿ ನನ್ನ ಸರದಿಯೂ ಬಂತು. ಇಸ್ತ್ರಿ ಮುರಿಯದ ಅಂಗಿಯ ಒಬ್ಬ ಗೃಹಸ್ಥ ಅಂಗಡಿಗೆ ಬಂದ. ಆ ಕೊಳವೆ ಕಂಪನಿಯ ಕೆಲಸಗಾರರಿಗೆಲ್ಲ ಸಮವಸ್ತ್ರ ಹೊಲಿಸಬೇಕಂತೆ, ಪ್ರತಿವರ್ಷವೂ. ಅಂಗಡಿಯಲ್ಲಿ ಹೊಲಿಯುವ ನನ್ನ ಹುಡುಗಿಯರು ಮಿಷನ್ ನಿಲ್ಲಿಸಿ ಕಿವಿ ನಿಮಿರಿಸಿದರು. ಅಂಥ ಆರ್ಡರ್ ಬಂದರೆ ಪಕ್ಕದ ಮಳಿಗೆಯನ್ನೂ ಹಿಡಿಯಬಹುದಿತ್ತು. ಸುಳ್ಳು ಯಾಕೆ, ಒಂದು ಕ್ಷಣ ನನ್ನ ಮನಸ್ಸು ಆ ಮಳಿಗೆಯಲ್ಲಿ ಓಡಾಡಿ ಬಂತು.

"ನಿಮ್ಮ ತಂಗಿ ಬುದ್ಧಿವಂತೆ," ಅಂದ ಅವನು, ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತ. "ಸ್ವಲ್ಪ ಹೇಳಿ ಅವರಿಗೆ. ಅಕ್ಕನ ಮಾತು ಕೇಳ್ತಾರೆ. ಮೊದಲು ನನ್ನ ಅಳತೆಯನ್ನೇ ತಗೊಳ್ಳಿ, ನೋಡೋಣ."

ನಾನು ಅವನ ಬೆರಳಿನಿಂದ ಟೇಪ್ ಬಿಡಿಸಿಕೊಂಡೆ. "ಬೇಡ ಬಿಡಿ. ನಿಮ್ಮ ಅಳತೆ ಗೊತ್ತಾಯ್ತು."

ಹುಡುಗಿಯರು ನಗು ತಡೆಯಲು ಬಟ್ಟೆ ಬಾಯಿಗಿಟ್ಟುಕೊಂಡರು. ಅವನು ಹೋದ ಮೇಲೆ ಅಮ್ಮ ಸ್ಟೂಲು ತಂದಿಟ್ಟಳು.

ಆ ವರ್ಷ ನಮ್ಮ ಊರಿನ ದೊಡ್ಡ ಹೋಟೆಲಿನಲ್ಲಿ ನೀರಿನ ಬಗ್ಗೆ ಅಂತರರಾಷ್ಟ್ರೀಯ ಸಮಾವೇಶ ನಿಗದಿಯಾಯಿತು. ಖರ್ಚು ಆ ಕಂಪನಿಯದೇ. ಊರ ತುಂಬ ಸ್ವಚ್ಛ ನೀರಿನ ದೊಡ್ಡ ದೊಡ್ಡ ಚಿತ್ರಗಳನ್ನು ತೂಗಿಹಾಕಿದರು. ನಮ್ಮವರು ಅಲ್ಲಿಗೇ ಬರುವುದೆಂದು ತೀರ್ಮಾನಿಸಿ, ಸಮಾವೇಶದ ಹಿಂದಿನ ದಿನದ ತಮ್ಮ ಸಭೆಗೆ ಒಂದು ಸಭಾಂಗಣ ಗೊತ್ತು ಮಾಡಿದ್ದರು. ಬೆಳಿಗ್ಗೆ ಹೋದರೆ ಅದಕ್ಕೆ ಬೀಗ. ರಿಪೇರಿ ಎಂದು ಕಾವಲುಗಾರ ಗೋಡೆ ನೋಡಿಕೊಂಡು ಹೇಳಿದ.

"ನಡೀರಿ, ಅಕ್ಕನ ಅಂಗಡಿ ಇದೆಯಲ್ಲ," ಅಂದಳು ತಂಗಿ.

ಹೊಲಿಗೆ ಮಿಷನ್ನುಗಳ ನಡುವೆ, ಬಟ್ಟೆ ಗಂಟುಗಳ ಮೇಲೆ ಅವರೆಲ್ಲ ಕುಳಿತರು. ಪರದೆಯ ಮೇಲೆ ಕಂಡ ಮುಖಗಳಿಗೆ ಈಗ ಕೈಕಾಲು ಬಂದಿದ್ದವು. ವಕೀಲ ನಾನೆಣಿಸಿದ್ದಕ್ಕಿಂತ ಕುಳ್ಳ, ಗಂಬೂಟಿನವಳು ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಒಬ್ಬೊಬ್ಬರೂ ಪೆಟ್ಟಿಗೆ ತೆರೆದು, ಬಟ್ಟೆಯ ಕೆಳಗಿಂದ ತಂತಮ್ಮ ದೇಶದ ಕೊಳವೆಯ ಚೂರು ತೆಗೆದರು. ವಿಮಾನ ನಿಲ್ದಾಣದಲ್ಲಿ ಅದೇನೆಂದು ಕೇಳಿದ್ದಕ್ಕೆ ವಕೀಲ ಮೊಮ್ಮಗನ ಆಟಿಕೆ ಎಂದಿದ್ದನಂತೆ. ಚೂರುಗಳನ್ನೆಲ್ಲ ನನ್ನ ಮೇಜಿನ ಮೇಲೆ ಸಾಲಾಗಿಟ್ಟೆವು. ಎಲ್ಲದರ ಮೇಲೂ ಮೀನು, ಎಲ್ಲದರೊಳಗೂ ಅದೇ ಬೂದು ಬಣ್ಣ.

ಕೊನೆಗೆ ಬಾಗಿಲಲ್ಲಿ ಒಬ್ಬ ತೆಳ್ಳನೆಯ ಮನುಷ್ಯ ಬಂದು ನಿಂತ. ಕೈಯಲ್ಲಿ ಕಾಗದದಲ್ಲಿ ಸುತ್ತಿದ ಚೂರು. ಬಿಟ್ಟುಹೋಗಿದ್ದ ತಜ್ಞ. "ಅಣ್ಣನೇ ಕಳಿಸಿದ," ಅಂದ. ತಂಗಿ ಮೇಜಿನ ಮೇಲೆ ಜಾಗ ಮಾಡಿಕೊಟ್ಟಳು.

ಮರುದಿನ ಸಮಾವೇಶಕ್ಕೆ ಹೋಗಲು ಹೊರಗಿನವರಿಗೆಲ್ಲ ಪಾಸು ಇತ್ತು. ಊರಿನವಳಾದ ನನ್ನ ತಂಗಿಗೆ ಇರಲಿಲ್ಲ. ನಾನು, ಅವಳು, ಅಮ್ಮ, ಗುಡ್ಡದ ಬಡಾವಣೆಯ ಜನ, ಎಲ್ಲರೂ ಹೋಟೆಲಿನ ಗೇಟಿನ ಹೊರಗೆ ಬಿಸಿಲಿನಲ್ಲಿ ನಿಂತೆವು. ಒಳಗಿನದನ್ನು ಆಮೇಲೆ ಗಂಬೂಟಿನವಳು ಹೇಳಿದಳು. ಕಂಪನಿಯ ಮುಖ್ಯಸ್ಥ ಭಾಷಣ ಮುಗಿಸಿ ಪ್ರಶ್ನೆಗಳಿವೆಯೇ ಎಂದನಂತೆ. ಇವರು ಒಬ್ಬೊಬ್ಬರಾಗಿ ಎದ್ದು, ತಮ್ಮ ದೇಶದ ಹೆಸರು ಹೇಳಿ, ಚೂರನ್ನು ವೇದಿಕೆಯ ಮೇಲಿಟ್ಟರು.

"ಒಮ್ಮೆ ಗೀರಿ ತೋರಿಸಿ," ಎಂದು ವಕೀಲ ಅವನ ಮುಂದೆ ಕೀಲಿಕೈ ಹಿಡಿದ.

ಮುಖ್ಯಸ್ಥ ಕೈ ಚಾಚಲಿಲ್ಲ. ಸಭೆಯಲ್ಲಿ ಗುಸುಗುಸು ಎದ್ದಿತು. ಮುಂದಿನ ಸಾಲಿನಲ್ಲಿ ಈ ಯೋಜನೆಗಳಿಗೆಲ್ಲ ಸಾಲ ಕೊಡುವ ಬ್ಯಾಂಕಿನ ಅಧಿಕಾರಿಣಿ ಕುಳಿತಿದ್ದಳು. ಅವಳೇ ಮೆಟ್ಟಿಲು ಹತ್ತಿ ಬಂದು, ಕೀಲಿಕೈ ತೆಗೆದುಕೊಂಡು, ಮೊದಲು ಒಂದನ್ನು, ಆಮೇಲೆ ಎಲ್ಲವನ್ನೂ ಗೀರಿದಳು. ಬಣ್ಣದ ಪುಡಿ ವೇದಿಕೆಯ ಬಿಳಿ ಹಾಸಿನ ಮೇಲೆ ಉದುರಿತು. "ಇದನ್ನ ಮೊದಲು ಕಂಡವರು ಯಾರು?" ಎಂದು ಕೇಳಿದಳಂತೆ.

"ಗೇಟಿನ ಹೊರಗೆ ನಿಲ್ಲಿಸಿದ್ದೀರಲ್ಲ, ಅವಳು," ಅಂದಳು ಗಂಬೂಟಿನವಳು.

ಬ್ಯಾಂಕು ಎಲ್ಲ ದೇಶಗಳಲ್ಲೂ ಹಣ ತಡೆಹಿಡಿಯಿತು. ಎರಡು ಕಡೆ ಕೊಳವೆಗಳನ್ನು ಕಿತ್ತು ಹೊಸದಾಗಿ ಹಾಕುತ್ತಿದ್ದಾರೆ. ನಮ್ಮ ಗುಡ್ಡದ ಬಡಾವಣೆಯಲ್ಲಿ ಕೆಲಸ ಅರ್ಧ ಆಗಿದೆ, ಉಳಿದರ್ಧಕ್ಕೆ ಜನ ದಿನವೂ ಇಲಾಖೆಯ ಮುಂದೆ ಕೂರುತ್ತಾರೆ. ಮುಖ್ಯ ಇಂಜಿನಿಯರು ಆರೋಗ್ಯ ಸರಿಯಿಲ್ಲವೆಂದು ರಜೆ ಹಾಕಿದರು. ಇಲಾಖೆಯ ಮಾನ ಕಳೆದಳೆಂದು ತಂಗಿಯನ್ನು ಮಾತ್ರ ಅಮಾನತು ಮಾಡಿದರು.

ವಿಚಾರಣೆಯ ದಿನ ನಾನು ಜೊತೆಗೆ ಹೋದೆ. ಉದ್ದನೆಯ ಕೋಣೆ, ತಿರುಗದ ಫ್ಯಾನು. ವಿಚಾರಣಾಧಿಕಾರಿ ಕೆಟ್ಟ ಮನುಷ್ಯನಲ್ಲ, ದಣಿದವನು. ತಂಗಿಯ ಬೆನ್ನ ಹಿಂದೆ ಗಂಬೂಟಿನವಳು, ವಕೀಲ, ತಜ್ಞ ಮತ್ತು ಇನ್ನೂ ಕೆಲವರು ಇದಕ್ಕೆಂದೇ ಮತ್ತೆ ವಿಮಾನ ಹತ್ತಿ ಬಂದು ಗೋಡೆಗುಂಟ ನಿಂತದ್ದನ್ನು ನೋಡಿ ಅವನು ಪೆನ್ನು ಕೆಳಗಿಟ್ಟ.

"ಇವರೆಲ್ಲ ಯಾರಮ್ಮ?"

"ನನ್ನ ಜೊತೆ ಕೆಲಸ ಮಾಡೋರು ಸಾರ್."

"ಇಲಾಖೆಯವರಾ?"

"ನೀರಿನವರು."

ಅವನು ನಿಟ್ಟುಸಿರು ಬಿಟ್ಟ. "ನೋಡಮ್ಮ, ತಪ್ಪಾಯ್ತು ಅಂತ ಒಂದು ಮಾತು ಹೇಳಿಬಿಡು. ನಾಳೆಯಿಂದಲೇ ಕೆಲಸಕ್ಕೆ ಬಾ. ಇಲ್ಲದಿದ್ರೆ ಇದು ಎಷ್ಟು ವರ್ಷ ಎಳೆಯುತ್ತೋ ನನಗೂ ಗೊತ್ತಿಲ್ಲ."

ಅವಳು ಹೇಳಿಬಿಡಲಿ ಎಂದು ನನ್ನೊಳಗಿನ ಅಕ್ಕ ಒಂದು ಗಳಿಗೆ ಬೇಡಿಕೊಂಡಳು. ತಂಗಿ ನನ್ನತ್ತ ತಿರುಗಿಯೂ ನೋಡಲಿಲ್ಲ. ಅವಳು ಕುರ್ಚಿ ಮುಂದಕ್ಕೆಳೆದು, ಎರಡೂ ಮೊಣಕೈಗಳನ್ನು ಮೇಜಿನ ಮೇಲೂರಿ ಕುಳಿತಳು.

"ಎಳೀಲಿ ಸಾರ್. ನಾವು ಬಹಳ ಜನ ಇದ್ದೀವಿ. ಸರದಿ ಮೇಲೆ ಕೂರ್ತೀವಿ," ಅಂದಳು. "ಈಗ ಮೊದಲನೇ ಪ್ರಶ್ನೆ ಕೇಳಿ."